ಅಳಿಸಿದ ಹನ್ನೊಂದು ಅಂಕಿ

ಜನವರಿ 12
ಹಡಗಿನ ಅಡುಗೆಮನೆಯಿಂದ

ಭಾವ,

ನಿಮ್ಮ ಸೌಟಿನ ನಮಸ್ಕಾರ. ಎರಡು ತಿಂಗಳಿಂದ ಕಾಗದ ಇಲ್ಲ ಅಂತ ಅಕ್ಕ ಉರಿದು ಬೀಳ್ತಿರ್ತಾಳೆ, ಗೊತ್ತು. ಸ್ವಲ್ಪ ಹೊಟ್ಟೆ ಕೆಟ್ಟಿತ್ತು, ಅಷ್ಟೆ. ಅಡುಗೆಯವನ ಹೊಟ್ಟೆ ಕೆಟ್ರೆ ಹಡಗಿನವರೆಲ್ಲ ಮೊದಲು ನೋಡೋದು ಪಾತ್ರೆ ಕಡೆಗೇ. ಮರ್ಯಾದೆ ಹೋಯ್ತು, ಪ್ರಾಣ ಉಳೀತು.

ಈ ಕವರಿನಲ್ಲಿ ಒಂಬತ್ತು ನೋಟಿವೆ. ಜಾಂಬಿಯಾದ್ದು ಎರಡು, ಸರಪಳಿ ಹರಿಯೋ ಗಂಡಸು ಇರೋದು. ಸಾವೊ ಟೊಮೆಯ ಚಿಟ್ಟೆ ಎರಡು. ಜಿಂಬಾಬ್ವೆಯ ಬಂಡೆ ಮೂರು; ಅದರ ಮೇಲಿನ ಸೊನ್ನೆ ಎಣಿಸೋಕೆ ನೀವೇ ಸರಿ, ನನಗೆ ತಲೆ ಸುತ್ತುತ್ತೆ. ಕೊನೇದೆರಡು ಇಪ್ಪತ್ತರ ಪ್ಲಾಸ್ಟಿಕ್ ನೋಟು, ಹಿಂಭಾಗದಲ್ಲಿ ಗಡಿಗೆ ಮಾಡೋ ಹೆಂಗಸಿದ್ದಾಳೆ. ಕೆಲವು ಕೊಳೆಯಾಗಿವೆ. ಮೀನು ಮಾರೋರ ಕೈಯಿಂದ ಬಂದಿದ್ದು, ಇನ್ನು ಹೇಗಿರ್ತವೆ?

ಅಕ್ಕನಿಗೆ ಹೇಳಿ, ನಾನು ಚೆನ್ನಾಗಿದ್ದೀನಿ.

ಸೌಟು


ಫೆಬ್ರವರಿ 9

ಪ್ರೀತಿಯ ಸೌಟು,

ಕವರು ಬಂತು. ಒಡೆಯುವ ಮೊದಲು ಸೋಪು ಹಾಕಿ ಕೈ ತೊಳೆದು, ಒರೆಸಿ, ಪೂರಾ ಒಣಗುವವರೆಗೆ ಕುರ್ಚಿಯಲ್ಲಿ ಕೂತೆ. ನಿನ್ನ ಅಕ್ಕ ಬಾಗಿಲಲ್ಲೇ ನಿಂತು, "ನನ್ನ ಕೈ ಹಿಡಿಯೋ ದಿನವೂ ಇಷ್ಟು ತೊಳೆದಿರಲಿಲ್ಲ ನೀವು" ಅಂದಳು.

ಆ ಜಾಂಬಿಯಾದವನನ್ನು ಎರಡು ದಿನ ನೋಡಿದೆ. ಒಂದು ಕಡೆ ಹದ್ದು. ಇನ್ನೊಂದು ಕಡೆ ಇವನು, ಎರಡೂ ಕೈ ಮೇಲೆತ್ತಿ ಸರಪಳಿ ಹರಿದಿದ್ದಾನೆ. ಹದ್ದಿನ ಕತ್ತಿನ ಒಂದೊಂದು ಗರಿಯೂ ಬೇರೆ ಬೇರೆ ಗೆರೆ. ನಮ್ಮ ಪ್ರೆಸ್ಸಿನಲ್ಲಾಗಿದ್ದರೆ ಮಸಿ ಮುದ್ದೆಯಾಗಿ ಹದ್ದು ಹೋಗಿ ಕೋಳಿಯಾಗುತ್ತಿತ್ತು. ಅಂಗೈಯಗಲದ ಕಾಗದ ಕೊಟ್ಟು, "ನಿಮ್ಮ ದೇಶ ಎಂಥದ್ದು, ಇದರಲ್ಲಿ ತೋರಿಸಿ" ಅಂದರೆ ಒಬ್ಬರು ಬಂಡೆ ತೋರಿಸುತ್ತಾರೆ, ಒಬ್ಬರು ಚಿಟ್ಟೆ, ಒಬ್ಬರು ಗಡಿಗೆ. ನಾನಾಗಿದ್ದರೆ ಏನು ತೋರಿಸುತ್ತಿದ್ದೆ ಅಂತ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ದಕ್ಷಿಣ ಆಫ್ರಿಕಾದ ಹೊಸ ಹತ್ತರ ನೋಟು ಬೇರೆ ಕಡೆಯಿಂದ ಸಿಕ್ಕಿತು. ನೀನು ಕಳಿಸಿದ್ದ ಹಳೆಯದರಲ್ಲಿ ಘೇಂಡಾಮೃಗ ಒಂಟಿ. ಹೊಸದರಲ್ಲಿ ಪಕ್ಕದಲ್ಲೇ ಮರಿ ಇದೆ. ಆನೆ, ಸಿಂಹ, ಕಾಡೆಮ್ಮೆ, ಚಿರತೆ, ಎಲ್ಲ ಈಗ ಸಂಸಾರ ಸಮೇತ. ನಿನ್ನ ಅಕ್ಕ ಅದನ್ನು ನೋಡಿ, "ಘೇಂಡಾಮೃಗಕ್ಕೂ ಮನೆ ಆಯ್ತು, ನನ್ನ ತಮ್ಮನಿಗೆ ಮಾತ್ರ ಇಲ್ಲ" ಅಂದಳು. ಅವಳ ಮಾತನ್ನು ಇದ್ದ ಹಾಗೇ ಬರೆದಿದ್ದೇನೆ.

ಒಂಬತ್ತೂ ನೋಟು ಆಲ್ಬಮ್ಮಿನಲ್ಲಿ ಕೂತಿವೆ. ಎಲ್ಲ ಲಕಲಕ ಅನ್ನುತ್ತಿವೆ.

ನಿನ್ನ
ಭಾವ


ಮಾರ್ಚ್ 2

ಭಾವ,

ಅಕ್ಕನಿಗೆ ಹೇಳಿ, ಐವತ್ತೆರಡು ವರ್ಷದ ಘೇಂಡಾಮೃಗಕ್ಕೆ ಯಾರೂ ಹೆಣ್ಣು ಕೊಡಲ್ಲ ಅಂತ.

ಒಂದು ಸಣ್ಣ ವಿಷಯ. ದೊಡ್ಡದೇನಲ್ಲ. ಆ ಎರಡು ಗಡಿಗೆ ನೋಟಲ್ಲಿ ಒಂದರ ಅಂಚಿಗೆ ನೀಲಿ ಪೆನ್ನಲ್ಲಿ ಒಂದು ನಂಬರು ಬರೆದಿತ್ತು. ಅದು ನಿಮಗೆ ಅಂತ ತಂದದ್ದಲ್ಲ. ಕಳೆದುಹೋಗದೆ ಇರಲಿ ಅಂತ ನಿಮ್ಮ ಕವರಿನಲ್ಲೇ ಇಟ್ಟಿದ್ದೆ, ಅಂಚೆಗೆ ಹಾಕೋವಾಗ ಮರೆತೆ. ನೋಟು ನೀವೇ ಇಟ್ಕೊಳ್ಳಿ, ನಂಬರು ಮಾತ್ರ ಒಂದು ಚೀಟಿ ಮೇಲೆ ಬರೆದು ಕಳಿಸಿ. ಅವಸರ ಏನಿಲ್ಲ. ಆದ್ರೂ ಬೇಗ ಕಳಿಸಿದ್ರೆ ಒಳ್ಳೇದು. ಏಪ್ರಿಲ್ ಮೊದಲ ವಾರ ನಾವು ನಿಲ್ಲೋ ಬಂದರಿನ ಏಜೆಂಟ್ ವಿಳಾಸ ಕೆಳಗಿದೆ.

ಸೌಟು


ಮಾರ್ಚ್ 21

ಪ್ರೀತಿಯ ಸೌಟು,

ನಿನ್ನ ಕಾಗದ ನೋಡಿದೆ. ಇಲ್ಲಿ ಬಿಸಿಲು ಜೋರು. ಮೇಲಿನ ಮನೆಯವರು ನಲ್ಲಿ ರಿಪೇರಿ ಮಾಡಿಸುತ್ತೇವೆ ಅಂತ ಗೋಡೆಯನ್ನೇ ಒಡೆಸಿದ್ದಾರೆ; ಸುತ್ತಿಗೆಯ ಏಟು ನನ್ನ ತಲೆಯ ಮೇಲೇ ಬಿದ್ದ ಹಾಗಿರುತ್ತದೆ. ಪ್ಲಾಸ್ಟಿಕ್ ನೋಟಿನ ವಿಷಯ ಓದುತ್ತಿದ್ದೆ. ಅದು ಬೆವರಿಗೆ ಕರಗುವುದಿಲ್ಲ, ನೀರಿಗೆ ಬಿದ್ದರೂ ಕೆಡುವುದಿಲ್ಲ, ಆದರೆ ಬಿಸಿ ಇಸ್ತ್ರಿಗೆ ಸುರುಟಿಕೊಳ್ಳುತ್ತದೆ. ನಿನ್ನ ಅಕ್ಕನ ಮಂಡಿ ನೋವು ಈಗ ಸ್ವಲ್ಪ ವಾಸಿ.

ನೀನು ಹೇಳಿದ ನಂಬರು ನನ್ನ ಕಣ್ಣಿಗೆ ಬಿದ್ದಿಲ್ಲ. ದಾರಿಯಲ್ಲಿ ಉಜ್ಜಿ ಹೋಗಿರಬಹುದು. ಪ್ಲಾಸ್ಟಿಕ್ಕಿನ ಮೇಲೆ ಪೆನ್ನಿನ ಮಸಿ ಸರಿಯಾಗಿ ಕೂರುವುದಿಲ್ಲ.

ಯಾರ ನಂಬರು? ಅಂಗಡಿಯವರದ್ದಾದರೆ ಬೇರೆ ದಾರಿಯಲ್ಲೂ ಸಿಗುತ್ತದೆ, ಬಿಡು.

ನಿನ್ನ
ಭಾವ


ಏಪ್ರಿಲ್ 15

ಭಾವ,

ಸರಿ.

ಹಡಗಿನ ದಾರಿ ಬದಲಾಗಿದೆ. ಇನ್ನು ಆ ಕಡೆಯ ಬಂದರಿಗೆ ಹೋಗಲ್ಲ, ಹಾಗಾಗಿ ನೋಟು ಸಿಗೋದೂ ಕಷ್ಟ. ಅಕ್ಕನ ಮಂಡಿ ನೋವು ಇಳಿದಿದ್ದು ಸಂತೋಷ.

ಸೌಟು


ಜೂನ್ 10

ಪ್ರೀತಿಯ ಸೌಟು,

ಮೇ ತಿಂಗಳಲ್ಲಿ ಬರೆದ ಎರಡು ಕಾಗದಕ್ಕೂ ಉತ್ತರ ಬಂದಿಲ್ಲ. ಏಜೆಂಟ್ ವಿಳಾಸ ತಪ್ಪಿದೆಯೇನೋ ಅಂತ ಮೂರು ಸಲ ತಾಳೆ ನೋಡಿದೆ. ಸರಿಯಾಗೇ ಇದೆ.

ನೋಟು ಇಲ್ಲದಿದ್ದರೆ ಕಾಗದವೂ ಇಲ್ಲ ಅಂತೇನಾದರೂ ಅಂದುಕೊಂಡೆಯಾ? ನಾನು ನೋಟಿಗೋಸ್ಕರ ಬರೆಯುವವನಲ್ಲ, ಸೌಟು. ಅಥವಾ ನಾನೇ ಹಾಗೆ ಅನ್ನಿಸುವಂತೆ ನಡೆದುಕೊಂಡೆನೋ ಗೊತ್ತಿಲ್ಲ.

ಏನಾದರೂ ಬರಿ. ಹಡಗಿನಲ್ಲಿ ಇವತ್ತು ಏನು ಅಡುಗೆ ಅಂತಲಾದರೂ ಬರಿ.

ನಿನ್ನ
ಭಾವ


ಆಗಸ್ಟ್ 2

ಪ್ರೀತಿಯ ಸೌಟು,

ಮಾರ್ಚಿನಲ್ಲಿ ನಾನು ಬರೆದದ್ದು ಸುಳ್ಳು.

ನಂಬರು ಇತ್ತು. ಕವರು ಒಡೆದ ದಿನವೇ ನೋಡಿದೆ. ನೀಲಿ ಪೆನ್ನು, ಒತ್ತಿ ಬರೆದ ದೊಡ್ಡ ಅಂಕಿಗಳು, ಗಡಿಗೆ ಮಾಡುವವಳ ಪಕ್ಕದ ಖಾಲಿ ಜಾಗದಲ್ಲಿ. ಯಾರೋ ಗೀಚಿದ್ದಾರೆ ಅಂದುಕೊಂಡೆ. ಮೂವತ್ತು ವರ್ಷ ರೈಲ್ವೆ ವೇಳಾಪಟ್ಟಿಯ ಪ್ರೂಫು ತಿದ್ದಿದವನು ನಾನು. ಬೇಡದ ಗುರುತು ಕಂಡರೆ ಕೈ ತಡೆಯುವುದಿಲ್ಲ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿದೆ. ಎರಡೇ ನಿಮಿಷ. ನೋಟು ಹೊಸದರ ಹಾಗಾಯಿತು. ನೋಟು ಕೂಡಿಡುವವರು ಹಾಗೆ ತೊಳೆಯಬಾರದು, ಅದು ನಮ್ಮಲ್ಲಿ ನಾಚಿಕೆಗೇಡು. ಅದಕ್ಕೇ ಫೆಬ್ರವರಿಯ ಕಾಗದದಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ನೀನು ಕೇಳಿದೆ. "ದೊಡ್ಡದೇನಲ್ಲ" ಅಂದಿದ್ದೆಯಲ್ಲ, ಆ ಮಾತಿನ ಮರೆಯಲ್ಲಿ ಅಡಗಿಕೊಂಡೆ.

ಹೋದ ವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಭೂತಗನ್ನಡಿ ಹಿಡಿದು ಆ ನೋಟನ್ನೇ ತಿರುಗಿಸುತ್ತಿದ್ದೆ. ನಿನ್ನ ಅಕ್ಕ ಕಾಫಿ ತಂದಳು.

"ಏನು ಹುಡುಕ್ತಿದ್ದೀರಿ?"

"ಏನಿಲ್ಲ."

"ಏನಿಲ್ಲದ್ದನ್ನ ನಾಲ್ಕು ತಿಂಗಳಿಂದ ಹುಡುಕ್ತಿದ್ದೀರಿ. ನನ್ನ ತಮ್ಮ ಕಾಗದ ನಿಲ್ಲಿಸಿದ್ದಕ್ಕೂ ಇದಕ್ಕೂ ಏನೋ ಇದೆ."

ಹೇಳಿದೆ. ಬೈಯುತ್ತಾಳೆ ಅಂತ ಕಾದೆ. ಅವಳು ಕಾಫಿ ಲೋಟವನ್ನು ನೋಟಿನಿಂದ ದೂರ ಇಟ್ಟು, "ಅಂಕಿ ಅಳಿಸಿದ್ದು ಗೊತ್ತಿಲ್ಲದೆ ಮಾಡಿದ್ದು. ಆಮೇಲಿನದ್ದು ಗೊತ್ತಿದ್ದೂ ಮಾಡಿದ್ದು" ಅಂದು ಒಳಗೆ ಹೋದಳು.

ಕ್ಷಮಿಸು ಅಂತ ಕೇಳುವುದು ಸುಲಭ. ಅದು ಯಾರ ನಂಬರು ಅಂತ ಈಗ ಕೇಳುವುದೇ ನನಗೆ ಕಷ್ಟ. ಆದರೂ ಕೇಳುತ್ತೇನೆ.

ಭಾವ


ಆಗಸ್ಟ್ 30

ಭಾವ,

ನಿಮ್ಮ ಕಾಗದ ಓದಿ ಅದನ್ನ ಒಲೆಗೆ ಹಾಕೋಕೆ ಹೋದೆ. ಹಾಕಲಿಲ್ಲ. ಎರಡು ದಿನ ಸಾರಿಗೆ ಉಪ್ಪು ಹಾಕೋದೇ ಮರೆತೆ, ಕ್ಯಾಪ್ಟನ್ ಬಂದು "ಯಾರಾದ್ರೂ ಸತ್ರಾ?" ಅಂತ ಕೇಳಿದ.

ನಾನೇನು ಅಂದ್ಕೊಂಡಿದ್ದೆ ಗೊತ್ತಾ? ನೀವು ನಂಬರು ನೋಡಿ, ಯಾರೋ ಹೆಂಗಸಿನದು ಅಂತ ವಾಸನೆ ಹಿಡಿದು, ಎಲ್ಲಿಯವಳೋ ಏನೋ, ಇವನಿಗೆ ಈ ವಯಸ್ಸಲ್ಲಿ ಯಾಕೆ ಅಂತ ಬೇಕಂತಲೇ ಮುಚ್ಚಿಟ್ರಿ ಅಂತ. ಅಕ್ಕನೂ ಸೇರ್ಕೊಂಡಿದ್ದಾಳೆ ಅಂತ. ನಾಲ್ಕು ತಿಂಗಳು ನಿಮ್ಮಿಬ್ಬರ ಮೇಲೂ ಹಲ್ಲು ಕಡೀತಾ ಕೂತಿದ್ದೆ. ಸ್ಪಿರಿಟ್ ಹಚ್ಚಿ ಒರೆಸಿದ್ರಂತೆ! ಇದಕ್ಕಿಂತ ಅದೇ ವಾಸಿಯಾಗಿತ್ತು. ಅದಕ್ಕಾದ್ರೆ ಜಗಳ ಆಡಬಹುದಿತ್ತು.

ನಾನೂ ಸುಳ್ಳು ಹೇಳಿದೆ, ಅದನ್ನೂ ಕೇಳಿ. ಹೊಟ್ಟೆ ಕೆಟ್ಟಿದ್ದಲ್ಲ. ನವೆಂಬರಲ್ಲಿ ಕರುಳಿಗೆ ಆಪರೇಷನ್ ಆಯ್ತು. ಹಡಗು ನನ್ನನ್ನ ಆ ಗಡಿಗೆ ನೋಟಿನ ದೇಶದ ಬಂದರಿನ ಆಸ್ಪತ್ರೇಲಿ ಇಳಿಸಿ ಹೊರಟುಹೋಯ್ತು. ಇಪ್ಪತ್ತನಾಲ್ಕು ದಿನ. ಮೊದಲ ದಿನವೇ ಯಾರೋ ನನ್ನ ಫೋನು ಎತ್ಕೊಂಡು ಹೋದ್ರು. ವಾರ್ಡಲ್ಲಿ ಇಪ್ಪತ್ತು ಹಾಸಿಗೆ, ನಂದು ಹದಿನೇಳು. ಸಾಯಂಕಾಲ ನಾಲ್ಕಕ್ಕೆ ಗಂಟೆ ಹೊಡೀತಿದ್ರು, ಎಲ್ಲರ ಮನೆಯವರೂ ಬರ್ತಿದ್ರು. ನಾನು ಗೋಡೆ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಮಲಗ್ತಿದ್ದೆ. ಅಕ್ಕನಿಗೆ ತಿಳಿದ್ರೆ ಹೆದರ್ತಾಳೆ ಅಂತ ಬರೀಲಿಲ್ಲ. ಸುಳ್ಳು, ಅದೂ ಅಲ್ಲ. ಯಾರೂ ಬರದ ಹಾಸಿಗೇಲಿ ನಾನು ಮಲಗಿದ್ದೆ ಅಂತ ಬರೆಯೋಕೆ ನಾಚಿಕೆಯಾಯ್ತು.

ಅಡುಗೆಮನೆಯಿಂದ ಗಂಜಿ ಗಾಡಿ ತಳ್ಳಿಕೊಂಡು ಬರೋಳು ಒಬ್ಬಳಿದ್ದಳು. ನನ್ನ ವಯಸ್ಸಿನವಳೇ ಇರಬೇಕು. ನಾನು ಊಟ ಮುಟ್ತಾ ಇರಲಿಲ್ಲ. ಮೂರನೇ ದಿನ ಅವಳು ಗಂಜಿ ಬದಲು ಒಂದು ಬುಟ್ಟಿ ಬೀನ್ಸ್ ತಂದು ಹಾಸಿಗೆ ಮೇಲಿಟ್ಟು, "ಅಡುಗೆಯವನಂತೆ, ನಾರು ತೆಗಿ" ಅಂದಳು. ನಮ್ಮಿಬ್ಬರ ಭಾಷೆ ಹರಕು ಮುರುಕು, ಅಷ್ಟು ಮಾತ್ರ ಅರ್ಥ ಆಯ್ತು. ತೆಗೆದೆ. ಮಾರನೇ ದಿನವೂ ತಂದಳು. ಆಮೇಲೆ ಗಂಟೆ ಹೊಡೆದಾಗೆಲ್ಲ ಹತ್ತು ನಿಮಿಷ ಸ್ಟೂಲ್ ಎಳ್ಕೊಂಡು ಕೂರ್ತಿದ್ದಳು. ಆಗ ನನಗೂ ಯಾರೋ ಬಂದ ಹಾಗಾಗ್ತಿತ್ತು.

ಹೊರಡೋ ದಿನ ಸುತ್ತಮುತ್ತ ಕಾಗದ ಸಿಗಲಿಲ್ಲ. ತನ್ನ ಸೊಂಟದ ಚೀಲದಿಂದ ಆ ಇಪ್ಪತ್ತರ ನೋಟು ತೆಗೆದು, ನಂಬರು ಬರೆದು ಕೊಟ್ಟಳು. ಹೆಸರು ಬರೀಲಿಲ್ಲ. ವಾರ್ಡಲ್ಲಿ ಎಲ್ಲರೂ ಅವರ ಭಾಷೇಲಿ "ದೊಡ್ಡಮ್ಮ" ಅಂತಿದ್ರು, ನಾನೂ ಹಾಗೇ ಅಂದೆ. ಆಸ್ಪತ್ರೆಗೆ ಎರಡು ಕಾಗದ ಬರೆದೆ. ಹೆಸರಿಲ್ಲದ ಕಾಗದ ಯಾರಿಗೆ ಕೊಡ್ತಾರೆ?

ಇಷ್ಟೇ. ಈಗ ಆ ನೋಟನ್ನ ಲಕಲಕ ಅಂತ ಇಟ್ಕೊಳ್ಳಿ.

ಸೌಟು


ಸೆಪ್ಟೆಂಬರ್ 22

ಪ್ರೀತಿಯ ಸೌಟು,

ನಿನ್ನ ಕಾಗದವನ್ನು ನಿನ್ನ ಅಕ್ಕ ಗಟ್ಟಿಯಾಗಿ ಓದಿದಳು. "ಹದಿನೇಳು" ಅನ್ನುವ ಕಡೆ ನಿಂತುಬಿಟ್ಟಳು. ಉಳಿದದ್ದನ್ನು ನಾನು ಓದಿದೆ. ಅವಳು ಇನ್ನೂ ನಿನ್ನ ಮೇಲೆ ಕೋಪದಲ್ಲಿದ್ದಾಳೆ. ಆ ಕೋಪಕ್ಕೆ ಹೋಲಿಸಿದರೆ ನನ್ನ ಮೇಲಿನದು ಏನೂ ಅಲ್ಲ.

ಈಗ ಕೆಲಸದ ಮಾತು. ಮಸಿ ಹೋದರೂ ಪೆನ್ನು ಒತ್ತಿದ ತಗ್ಗು ಪ್ಲಾಸ್ಟಿಕ್ಕಿನಲ್ಲಿ ಉಳಿದಿದೆ. ನೇರ ಬೆಳಕಿಗೆ ಕಾಣುವುದಿಲ್ಲ. ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬೀಳುತ್ತದೆ. ನಿನ್ನ ಅಕ್ಕ ಸಣ್ಣ ಕನ್ನಡಿ ಹಿಡಿದು ಆ ಬಿಸಿಲನ್ನು ಇನ್ನಷ್ಟು ಓರೆ ಮಾಡುತ್ತಾಳೆ. "ಎಡಕ್ಕೆ... ಸ್ವಲ್ಪ ಕೆಳಗೆ... ಅಲ್ಲಾಡಬೇಡ." "ಕೈ ನೋಯ್ತಿದೆ ರೀ." "ಇನ್ನೊಂದೇ ಅಂಕಿ." ಹೀಗೆ ಹದಿನಾರು ಬೆಳಿಗ್ಗೆ ಕೂತೆವು. ನಾನು ಓದಿದ್ದನ್ನು ಅವಳಿಗೆ ಹೇಳದೆ ಬರೆದಿಟ್ಟೆ, ಅವಳು ಓದಿದ್ದನ್ನು ಅವಳು ಬರೆದಿಟ್ಟಳು, ಆಮೇಲೆ ತಾಳೆ ನೋಡಿದೆವು. ವೇಳಾಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಸಾವಿರ ಜನಕ್ಕೆ ರೈಲು ತಪ್ಪುತ್ತದೆ ಅಂತ ಪ್ರೆಸ್ಸಿನಲ್ಲಿ ನಾನೇ ಹೊಸಬರಿಗೆ ಹೇಳುತ್ತಿದ್ದೆ. ಆಗಲೂ ಒಂದು ಅಂಕಿಯನ್ನು ಇಷ್ಟು ಸಲ ತಾಳೆ ನೋಡಿರಲಿಲ್ಲ.

ಹನ್ನೊಂದು ಅಂಕಿ. ಒಂಬತ್ತರಲ್ಲಿ ಸಂಶಯವಿಲ್ಲ. ಐದನೆಯದು ಒಂದು ಇರಬೇಕು, ಇಲ್ಲವೇ ಏಳು. ಒಂಬತ್ತನೆಯದು ಮೂರು, ಇಲ್ಲವೇ ಎಂಟು. ಆ ಎರಡು ಜಾಗ ಆಲ್ಬಮ್ಮಿನ ಹೊಲಿಗೆಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿವೆ. ಹಾಗಾಗಿ ನಾಲ್ಕು ನಂಬರು ಆಗುತ್ತದೆ. ನಾಲ್ಕನ್ನೂ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನೋಟನ್ನೂ ರಿಜಿಸ್ಟರ್ ಅಂಚೆಯಲ್ಲಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ಅದು ನನ್ನದಾಗಿರಲೇ ಇಲ್ಲ.

ಭಾವ

ಕೆಳಗೆ ಅಕ್ಕನ ಅಕ್ಷರ: ಪುಟ್ಟ, ಇನ್ನೊಂದು ಸಲ ಆಸ್ಪತ್ರೆ ಸೇರಿ ನನಗೆ ಹೇಳದೆ ಇದ್ದರೆ ನಾನೇ ಹಡಗು ಹತ್ತಿ ಬಂದು ಹೊಡೀತೀನಿ. ಗಾಯ ಪೂರ್ತಿ ಮಾಗಿದೆಯಾ? ಭಾರ ಎತ್ತಬೇಡ.


ಅಕ್ಟೋಬರ್ 25

ಭಾವ,

ಗಾಯ ಮಾಗಿದೆ ಅಂತ ಅಕ್ಕನಿಗೆ ಹೇಳಿ.

ಬಂದರಲ್ಲಿ ಇಳಿದು ಫೋನು ಮಾಡಿದೆ. ಮೊದಲನೇ ನಂಬರು ಚಾಲ್ತಿಯಲ್ಲಿಲ್ಲ. ಎರಡನೇದಕ್ಕೆ ಒಬ್ಬ ಗಂಡಸು ಎತ್ತಿದ, ಟಯರ್ ಅಂಗಡಿಯವನು. "ದೊಡ್ಡಮ್ಮ ಇದ್ದಾರಾ?" ಅಂತ ಅವರ ಭಾಷೇಲಿ ಕೇಳಿದೆ. "ಯಾರ ದೊಡ್ಡಮ್ಮ?" ಅಂದ. "ಗೊತ್ತಿಲ್ಲ" ಅಂದೆ. ಅವನು ನಕ್ಕು, ಅಂಗಡೀಲಿದ್ದವರಿಗೆಲ್ಲ ಹೇಳಿ, ಅವರೂ ನಕ್ಕು, ಕೊನೆಗೆ "ಸಿಗ್ಲಿ ಅಣ್ಣ" ಅಂತ ಹರಸಿ ಇಟ್ಟ.

ಮೂರನೇದು. ಐದನೇ ಅಂಕಿ ಏಳು, ಒಂಬತ್ತನೇದು ಮೂರು. ಬರೆದುಕೊಳ್ಳಿ.

ಎತ್ತಿದ್ದು ಅವಳೇ. ದನಿ ಕೇಳಿದ್ರೆ ಗುರುತಿಸ್ತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು, "ಯಾವ ಹಾಸಿಗೆ?"

"ಹದಿನೇಳು."

"ಯಾವ ತಿಂಗಳ ಹದಿನೇಳು?"

ಭಾವ, ಕೇಳಿ. ಯಾರೂ ನೋಡೋಕೆ ಬರದ ಎಲ್ಲ ರೋಗಿಗಳಿಗೂ ಅವಳು ನಂಬರು ಕೊಡ್ತಾಳಂತೆ. ಇಷ್ಟು ವರ್ಷದಲ್ಲಿ ನೂರಾರು ಜನಕ್ಕೆ ಕೊಟ್ಟಿದ್ದಾಳೆ. ನಾನು ಹತ್ತು ತಿಂಗಳಿಂದ ಎದೇಲಿ ಇಟ್ಕೊಂಡು ತಿರುಗಿದ್ದು ನೂರರಲ್ಲಿ ಒಂದು. ಇಟ್ಟುಬಿಡೋಣ ಅನ್ನಿಸ್ತು. ನಿಮ್ಮ ಹದಿನಾರು ಬೆಳಿಗ್ಗೆ ನೆನಪಾಯ್ತು, ಇಡಲಿಲ್ಲ.

"ಬೀನ್ಸ್," ಅಂದೆ.

ಆ ಕಡೆಯಿಂದ ಜೋರಾಗಿ ನಕ್ಕಳು. "ನಾರು ತೆಗೆಯೋನು! ಗಂಜಿಗೆ ಉಪ್ಪು ಸಾಲ್ದು ಅಂತ ನನ್ನನ್ನೇ ಬೈದೋನು! ಬದುಕಿದ್ದೀಯಾ?"

"ಇದ್ದೀನಿ. ಎಷ್ಟು ಜನ ಫೋನು ಮಾಡಿದ್ದಾರೆ ಇಲ್ಲಿವರೆಗೆ?"

"ನಿನ್ನನ್ನ ಸೇರಿಸಿ ಆರು."

ಮುಕ್ಕಾಲು ಗಂಟೆ ಮಾತಾಡಿದೆವು. ಮಾತು ಅರ್ಧ ಅರ್ಥ ಆಯ್ತು. ಆ ಬಂದರಿನ ದಾರಿಯ ಹಡಗಿಗೆ ಹಾಕಿ ಅಂತ ಕಂಪನಿಗೆ ಅರ್ಜಿ ಕೊಟ್ಟಿದ್ದೀನಿ. ಅಕ್ಕ ಈಗಲೇ ಬಟ್ಟೆ ಅಂಗಡಿಗೆ ಹೊರಡೋದು ಬೇಡ.

ನಿಮ್ಮ ಮೇಲಿನ ಕೋಪ ಪೂರ್ತಿ ಹೋಗಿಲ್ಲ. ಮುಕ್ಕಾಲು ಹೋಗಿದೆ.

ಸೌಟು


ಫೆಬ್ರವರಿ 8
ಆಸ್ಪತ್ರೆಯ ಅಡುಗೆಮನೆಯಿಂದ

ಭಾವ,

ಮೇಲಿನ ಸಾಲು ನೋಡಿ ಅಕ್ಕ ಕೂಗೋಕೆ ಮುಂಚೆ ಹೇಳಿಬಿಡಿ, ರೋಗಿಯಾಗಿ ಅಲ್ಲ, ಕೆಲಸಕ್ಕೆ.

ಡಿಸೆಂಬರಲ್ಲಿ ಹಡಗು ಇಲ್ಲಿಗೆ ಬಂತು. ಮೂರು ದಿನ ರಜೆ ತಗೊಂಡು ಅಡುಗೆಮನೇಲೇ ಕಳೆದೆ. ದೊಡ್ಡ ದೊಡ್ಡ ಪಾತ್ರೆ, ಸುಣ್ಣ ಉದುರೋ ಗೋಡೆ, ಇನ್ನೂರು ಜನಕ್ಕೆ ಅಡುಗೆ, ಕೈ ನಾಲ್ಕೇ ಜೋಡಿ. ಜನವರಿ ಕೊನೇಲಿ ಹಡಗಿನ ಲೆಕ್ಕ ಮುಗಿಸಿ ಇಳಿದುಬಿಟ್ಟೆ. ಇಪ್ಪತ್ತೆಂಟು ವರ್ಷ ಹಡಗಲ್ಲಿ ಹೆಡ್ ಕುಕ್ ಆಗಿದ್ದೋನು ಇಲ್ಲಿ ದೊಡ್ಡಮ್ಮನ ಕೈಕೆಳಗೆ. ಬೆಳಿಗ್ಗೆ ಆರಕ್ಕೆ ಬರದಿದ್ರೆ ಬೈತಾಳೆ. ಅವಳ ಗಂಡ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಮಗಳು ಹೊಲಿಗೆ ಕೆಲಸ ಮಾಡ್ತಾಳೆ. ನನ್ನನ್ನ ಮೊದಲ ದಿನ ತಲೆಯಿಂದ ಕಾಲಿನವರೆಗೆ ಅಳೆದು ನೋಡಿದಳು, ಷರ್ಟಿಗೋ ಯಾತಕ್ಕೋ ಗೊತ್ತಾಗಲಿಲ್ಲ.

ಹೋದ ಭಾನುವಾರ ಪಾತ್ರೆ ತೊಳೀತಾ ದೊಡ್ಡಮ್ಮನ್ನ ಕೇಳಿಯೇಬಿಟ್ಟೆ. ಮುಂದೆ ಒಟ್ಟಿಗೆ ಇರೋಣವಾ ಅಂತ. ಇಷ್ಟು ಸಣ್ಣ ವಾಕ್ಯ ಕಲಿಯೋಕೆ ವಾರ ಹಿಡೀತು. ಅವಳು ಕೈ ಒರೆಸಿಕೊಂಡು ಹೇಳಿದಳು:

"ಹಾಸಿಗೇಲಿ ಇಪ್ಪತ್ತನಾಲ್ಕು ದಿನ ಬಿದ್ದಿದ್ದೆ, ನಿನ್ನವರು ಅಂತ ಒಬ್ಬರೂ ಬರಲಿಲ್ಲ. ನಿನಗೆ ಯಾರೂ ಇಲ್ವಾ?"

"ಇದ್ದಾರೆ. ನಾನೇ ಹೇಳಿರಲಿಲ್ಲ."

"ಹಾಗಾದ್ರೆ ಈಗ ಹೇಳು. ಅವರು ಬಂದು ಕೇಳಲಿ. ಆಮೇಲೆ ನೋಡೋಣ."

ಭಾವ, ನೀವು ಊರು ಬಿಟ್ಟು ಹೋದೋರಲ್ಲ, ಅಕ್ಕನ ಮಂಡಿ ನನಗೆ ಗೊತ್ತು. ಬರಲೇಬೇಕು ಅಂತ ನಾನು ಹೇಗೆ ಬರೀಲಿ? ಕೇಳ್ತಿದ್ದೀನಿ, ಅಷ್ಟೆ. ಈ ಸಲ "ದೊಡ್ಡದೇನಲ್ಲ" ಅಂತ ಬರೆಯಲ್ಲ.

ಸೌಟು


ಮಾರ್ಚ್ 12

ಪ್ರೀತಿಯ ಸೌಟು,

ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ನಿನ್ನ ಅಕ್ಕ ಅಟ್ಟದಿಂದ ಪೆಟ್ಟಿಗೆ ಇಳಿಸಿಯಾಗಿತ್ತು. ಮಂಡಿಯ ಮಾತು ಎತ್ತಿದೆ. "ಮಂಡಿ ನಂದು, ನೀವು ಸುಮ್ಮನಿರಿ" ಅಂದಳು.

ಇಪ್ಪತ್ತು ವರ್ಷದಿಂದ ಆ ದೇಶಗಳನ್ನೆಲ್ಲ ಅಂಗೈ ಮೇಲೆ ಇಟ್ಟುಕೊಂಡು ನೋಡಿದವನು ನಾನು. ಯಾವ ನೋಟಿನಲ್ಲಿ ಆನೆಯ ಕಿವಿ ಎಷ್ಟು ಗೆರೆಯಲ್ಲಿ ಬಿಡಿಸಿದ್ದಾರೆ ಅಂತ ಹೇಳಬಲ್ಲೆ. ಅಲ್ಲಿ ಬಿಸಿಲು ಹೇಗಿರುತ್ತದೆ, ಬಸ್ಸಿನಲ್ಲಿ ಜನ ಜಾಗ ಬಿಡುತ್ತಾರೋ ಇಲ್ಲವೋ, ಒಂದೂ ಗೊತ್ತಿಲ್ಲ. ಹೆದರಿಕೆ ಇದೆ, ಮುಚ್ಚಿಡುವುದಿಲ್ಲ. ಅಲ್ಲಿ ಹೋಗಿ ಏನು ಮಾತಾಡಬೇಕು ಅಂತ ನಿನ್ನ ಅಕ್ಕ ಅಭ್ಯಾಸ ಮಾಡಿಸುತ್ತಿದ್ದಾಳೆ. ನಾನು ಅವಳ ಮುಂದೆ ನಿಂತು ಗಂಡಿನ ಕಡೆಯವನಾಗಿ ಹೆಣ್ಣು ಕೇಳಬೇಕು, ಅವಳು ಹೆಣ್ಣಿನ ಕಡೆಯವಳಾಗಿ ಬಿಗುಮಾನ ಮಾಡುತ್ತಾಳೆ. ಇಲ್ಲಿಯವರೆಗೆ ಮೂರು ಸಲ ನನ್ನನ್ನು ವಾಪಸ್ ಕಳಿಸಿದ್ದಾಳೆ.

ಫೋಟೊ ತೆಗೆಸಿದೆವು. ನಿನ್ನೆ ಪಾಸ್‌ಪೋರ್ಟ್ ಕಚೇರಿಗೆ ಹೋಗಿದ್ದೆವು. ಉದ್ದ ಸಾಲು, ಕಬ್ಬಿಣದ ಕುರ್ಚಿ, ಎರಡೂವರೆ ಗಂಟೆ. ಕಿಟಕಿಯ ಆ ಕಡೆ ಕೂತ ಹುಡುಗಿ ನನ್ನ ಅರ್ಜಿಯನ್ನು ಓದಿ, "ಒಂದೂ ತಪ್ಪಿಲ್ಲವಲ್ಲ ಸಾರ್" ಅಂದಳು. ನನಗೆ ಒಳಗೊಳಗೇ ಹಿಗ್ಗು. ಆಮೇಲೆ ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿ ತಿಳಿದು, ನಮ್ಮಿಬ್ಬರ ವಯಸ್ಸು ನೋಡಿ ಪೆನ್ನು ಕೆಳಗಿಟ್ಟಳು.

"ಮೊದಲನೇ ಸಲ ಹೊರಡ್ತಿದ್ದೀರಿ, ಅಷ್ಟು ದೂರ. ಅಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ?"

ನನ್ನ ತಮ್ಮನಂಥವನು ಒಬ್ಬ ಅಂತ ಹೇಳಲು ಬಾಯಿ ತೆರೆದೆ. ನಿನ್ನ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಮುಖ ಕೊಟ್ಟಳು.

"ಇದ್ದಾರಮ್ಮ," ಅಂದಳು. "ಮೂರು ಜನ."

ನಿನ್ನ
ಭಾವ